ಪೀಣ್ಯದಲ್ಲಿ ಕಲಸಿದ ಸಮುದ್ರ

ಸಮುದ್ರದ ನೀರು ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ, ಉಪ್ಪಿಟ್ಟು ಮಾಡುವುದು ಹೇಗೆಂದು ಹೇಳಿದಷ್ಟೇ ಸಲೀಸಾಗಿ ನಾನು ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ. ಒಂದು ಲೀಟರ್ ಶುದ್ಧ ನೀರು, ಮೂವತ್ತೈದು ಗ್ರಾಂನಷ್ಟು ಲವಣ. ಅದರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ನಮ್ಮ ಅಡುಗೆಮನೆಯ ಉಪ್ಪೇ. ಉಳಿದದ್ದು ಮೆಗ್ನೀಸಿಯಂ, ಗಂಧಕದ ಲವಣ, ಒಂದಿಷ್ಟು ಸುಣ್ಣದ ಅಂಶ, ಪೊಟ್ಯಾಸಿಯಂ, ಚಿಟಿಕೆ ಸೋಡಾ. ನಾಲಿಗೆಗೆ ಮೊದಲು ಉಪ್ಪು ತಾಗುತ್ತದೆ, ಅದರ ಹಿಂದೆಯೇ ಮೆಗ್ನೀಸಿಯಂನ ಕಹಿ ಬರುತ್ತದೆ. ಆ ಕಹಿ ಬಾರದಿದ್ದರೆ ಅದು ಸಮುದ್ರವಲ್ಲ, ಬರೀ ಉಪ್ಪುನೀರು.

ಇದನ್ನೆಲ್ಲ ನಾನು ಕಲಿತದ್ದು ಕಡಲ ತೀರದಲ್ಲಲ್ಲ, ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಸಮುದ್ರ ಮಟ್ಟಕ್ಕಿಂತ ಒಂಬೈನೂರು ಮೀಟರ್ ಎತ್ತರದಲ್ಲಿ ಕೂತು ಸಮುದ್ರ ಕಲಸುತ್ತೇವೆ. ನಾನು ಅಲ್ಲಿ ಕ್ವಾಲಿಟಿ ನೋಡುವವಳು. ತಯಾರಾದ ಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಹುಟ್ಟಿದ್ದೂ ಇದೇ ಸುತ್ತಿನ ಹಳ್ಳಿಯಲ್ಲಿ. ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಪೌಡರ್ ಕೋಟಿಂಗ್ ಶೆಡ್ ನಿಂತಿದೆ. ಅದರ ಬಗ್ಗೆ ನನಗೆ ಅಂಥ ದುಃಖವೇನೂ ಇಲ್ಲ. ಆ ಹೊಲದಲ್ಲಿ ರಾಗಿಗಿಂತ ಕಲ್ಲೇ ಜಾಸ್ತಿ ಬೆಳೆಯುತ್ತಿತ್ತಂತೆ. ನನಗೆ ಬೇಗ ಸಿಟ್ಟು ಬರುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವವಳಿಗೆ ಸಿಟ್ಟು ಮಾತ್ರ ಕಿಲೋಮೀಟರ್ ಲೆಕ್ಕದಲ್ಲಿ ಬರುತ್ತದೆ ಎಂದು ಗಂಡ ಛೇಡಿಸುತ್ತಾನೆ. ಬರಲಿ. ನನ್ನ ಸಿಟ್ಟಿನಿಂದ ನಮ್ಮ ಕಾರ್ಖಾನೆಯಿಂದ ಹೊರಗೆ ಹೋಗಬಾರದ ಎಷ್ಟೋ ವಸ್ತುಗಳು ಹೋಗದೆ ಉಳಿದಿವೆ.

ಸಮುದ್ರವನ್ನು ನಮ್ಮ ಕಾರ್ಖಾನೆಗೆ ತಂದವರು ಒಬ್ಬ ವಿಜ್ಞಾನಿ. ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯವರು, ಹೆಚ್ಚು ಕಡಿಮೆ ನನ್ನದೇ ವಯಸ್ಸಿನ ಹೆಂಗಸು. ನಾವೆಲ್ಲ ಅವರನ್ನು ‘ಸಮುದ್ರದ ಮೇಡಂ’ ಎಂದು ಕರೆಯುತ್ತಿದ್ದೆವು. ಹಿಂದೂ ಮಹಾಸಾಗರದ ತಳದಲ್ಲಿ, ಆರು ಸಾವಿರ ಮೀಟರ್ ಆಳದಲ್ಲಿ, ಅಲ್ಲಿನ ಕೆಸರಿನೊಳಗೆ ಮೂಗು ಚುಚ್ಚಿಕೊಂಡು ಕೂತು ಕೆಸರಿನ ಬಿಸಿ ಎಷ್ಟೆಂದು ಬರೆದುಕೊಳ್ಳುವ ಒಂದು ಉಪಕರಣವನ್ನು ಅವರು ಮಾಡುತ್ತಿದ್ದರು. ಒಳಗಿನ ಎಲೆಕ್ಟ್ರಾನಿಕ್ಸ್ ಅವರದು. ಅದನ್ನು ಒಣಗಿರುವಂತೆ ಕಾಯುವ ಟೈಟಾನಿಯಂ ಡಬ್ಬಿ ಮತ್ತು ಅದರ ಮುಚ್ಚಳ ನಮ್ಮದು.

“ಡಬ್ಬಿ ಅಂದ್ರೆ ಡಬ್ಬಿ, ಅದ್ರಲ್ಲೇನು ಮಹಾ?” ಎಂದಿದ್ದರು ನಮ್ಮ ಕಾರ್ಖಾನೆಯ ಯಜಮಾನರು ಮೊದಲ ದಿನ. ಮೇಡಂ ತಮ್ಮ ಹೆಬ್ಬೆರಳಿನ ಉಗುರು ತೋರಿಸಿದರು.

“ನೋಡಿ, ಹತ್ತು ಹತ್ತು ಮೀಟರ್ ಕೆಳಗೆ ಹೋದ ಹಾಗೆಲ್ಲ ನಮ್ಮ ತಲೆ ಮೇಲಿನ ಇಡೀ ಗಾಳಿಯಷ್ಟು ಭಾರ ಮತ್ತೆ ಸೇರ್ತದೆ. ಆರು ಸಾವಿರ ಮೀಟರಿನಲ್ಲಿ ಈ ಉಗುರಿನಷ್ಟು ಜಾಗದ ಮೇಲೆ ಒಂದು ದೊಡ್ಡ ಎಮ್ಮೆ ನಿಂತ ಹಾಗೆ ಆಗ್ತದೆ. ನಿಮ್ಮ ಮುಚ್ಚಳದ ಮೇಲೆ ಎಷ್ಟು ಉಗುರು ಉಂಟು, ಲೆಕ್ಕ ಹಾಕಿ ಮಾರಾಯ್ರೆ.”

ಯಜಮಾನರು ಲೆಕ್ಕ ಹಾಕಲಿಲ್ಲ. ಆದರೆ ಆಮೇಲೆ ಡಬ್ಬಿ ಎನ್ನುವುದನ್ನು ಬಿಟ್ಟು ‘ಹೌಸಿಂಗ್’ ಎನ್ನತೊಡಗಿದರು.

ಆ ಹೌಸಿಂಗನ್ನು ಲೇಥಿನಲ್ಲಿ ತಿರುಗಿಸಿ ಕಡೆಯಬೇಕಾದವಳು ಒಬ್ಬ ಹುಡುಗಿ. ಹುಡುಗಿ ಎಂದರೆ ಇಪ್ಪತ್ತೇಳು ಇಪ್ಪತ್ತೆಂಟರವಳು, ಬಾಗಲಕೋಟೆ ಕಡೆಯವಳು. ಅಣ್ಣನ ಸಂಸಾರದ ಜೊತೆ ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಐಟಿಐನಲ್ಲಿ ಟರ್ನರ್ ಕಲಿತು ಬಂದಿದ್ದರೂ ಯಜಮಾನರು ಅವಳನ್ನು ಕೂರಿಸಿದ್ದು ಬರ್ ತೆಗೆಯುವ ಮೇಜಿನಲ್ಲಿ. ಕಡೆದ ಲೋಹದ ಅಂಚಿನಲ್ಲಿ ಮುಳ್ಳಿನಂತೆ ಉಳಿಯುವ ಚೂರುಗಳನ್ನು ಅರದಿಂದ ಉಜ್ಜಿ ತೆಗೆಯುವ ಕೆಲಸ ಅದು. ದಿನವಿಡೀ ಉಜ್ಜುವುದು, ಸಂಜೆ ಬೆರಳ ತುದಿಗಳನ್ನು ಊದಿಕೊಳ್ಳುವುದು. ನಮ್ಮ ಹಳೆಯ ಲೇಥ್ ಆಪರೇಟರ್ ಬೇರೆ ಕಡೆ ಹೋದಾಗ, ಅವಳಿಗೆ ಮೆಷಿನ್ ಕೊಡಿ ಎಂದು ನಾನೇ ಯಜಮಾನರ ಬೆನ್ನು ಹತ್ತಿದೆ. ಕೊಟ್ಟರು, ಆದರೆ ಕೊಡುವಾಗಲೇ ಒಂದು ಮಾತು ಸೇರಿಸಿದರು.

“ಈ ಟೈಟಾನಿಯಂ ಪೀಸ್ ಒಂದು ಮಾಡ್ಲಿ, ನೋಡೋಣ. ಲೀಕ್ ಆಗ್ಲಿಲ್ಲ ಅಂದ್ರೆ ಲೇಥು ಅವಳದ್ದೇ. ಲೀಕ್ ಆಯ್ತೋ, ಇಂಥ ಕೆಲ್ಸ ಎಲ್ಲಾ ಹೊರಗಡೆ ಮಾಡಿಸ್ತೀನಿ, ಅವಳು ಮೇಜಿಗೆ ವಾಪಸ್.”

ಅವಳು ತಲೆಯಾಡಿಸಿದಳು, ಅಷ್ಟೆ. ನನಗೆ ಮಾತ್ರ ಆವತ್ತು ಊಟ ಸೇರಲಿಲ್ಲ.

ಟೈಟಾನಿಯಂ ಕಡೆಯುವುದು ಸುಲಭವಲ್ಲ. ಉಕ್ಕಿನಂತೆ ಮುರಿದು ಬೀಳುವುದಿಲ್ಲ. ಹಲಸಿನ ಮೇಣದಂತೆ ಉಳಿಗೆ ಅಂಟಿಕೊಳ್ಳುತ್ತದೆ. ಬಿಸಿಯನ್ನು ಬಿಟ್ಟುಕೊಡದೆ ಉಳಿಯ ತುದಿಯಲ್ಲೇ ಕೂಡಿಡುತ್ತದೆ. ಆತುರ ಮಾಡಿದರೆ ಉಳಿಯ ಮೊನೆ ಸುಟ್ಟುಹೋಗುತ್ತದೆ, ಹೆದರಿ ನಿಧಾನ ಮಾಡಿದರೆ ಲೋಹ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮುಚ್ಚಳದ ಮುಖದಲ್ಲಿ ರಬ್ಬರ್ ಉಂಗುರ ಕೂರಲು ಒಂದು ಗಾಡಿ, ಅಂದರೆ ಸುತ್ತಲೂ ಕೊರೆದ ತೋಡು, ಬೇಕು. ಅದರ ತಳ ಕನ್ನಡಿಯಷ್ಟು ನುಣುಪಾಗಿರಬೇಕು, ಯಾಕೆಂದರೆ ಆರು ಸಾವಿರ ಮೀಟರ್ ನೀರು ಹುಡುಕುವುದು ಒಂದು ಗೀರನ್ನು ಮಾತ್ರ. ಆ ಗಾಡಿಯನ್ನು ಅವಳು ಕಡೆಯುವಾಗ ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಕೆಲಸ ಮಾಡುತ್ತಿದ್ದಳು, ಶಬ್ದ ಚೂರು ಬದಲಾದರೆ ಕೈ ತಾನೇ ಹಿಂದೆ ಸರಿಯುತ್ತಿತ್ತು. ಮುಗಿದ ಮೇಲೆ ಅಳೆದು ನೋಡಿದೆ. ಕೇಳಿದ್ದಕ್ಕಿಂತ ನುಣುಪಾಗಿತ್ತು. ಹಸಿರು ಚೀಟಿ ಅಂಟಿಸುವಾಗ ನನಗೆ ಬಂದ ಸಂತೋಷ ನನ್ನ ಮಗಳು ಪಾಸಾದಾಗಲೂ ಬಂದಿರಲಿಲ್ಲ. ಅವಳು ಪಾಸಾಗುತ್ತಾಳೆಂದು ಹೇಗೂ ಗೊತ್ತಿತ್ತಲ್ಲ!

ಹೌಸಿಂಗಿನ ಒತ್ತಡ ಪರೀಕ್ಷೆಗೆ ಮುಂಚೆ ಮೇಡಂ ಮತ್ತೆ ಬಂದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ. ಉಪಕರಣದ ಮೂಗು ಕೆಸರಿಗೆ ಸರಿಯಾಗಿ ಇಳಿಯುತ್ತದೆಯೇ ನೋಡಬೇಕೆಂದು ಸಮುದ್ರದ ತಳದ ನಿಜವಾದ ಕೆಸರನ್ನೇ ತಂದಿದ್ದರು. ಹಿಂದಿನ ಒಂದು ಯಾನದಲ್ಲಿ ಉದ್ದನೆಯ ಕೊಳವೆ ಇಳಿಸಿ ಎತ್ತಿದ್ದಂತೆ. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತೆವು. ನೋಡಿದರೆ ನಮ್ಮ ಕೋಲಾರದ ಕಡೆಯ ಕೆಂಪು ಮಣ್ಣನ್ನು ನೆನೆಸಿಟ್ಟ ಹಾಗಿತ್ತು, ಚಾಕೊಲೇಟ್ ಬಣ್ಣ. ನಿರಾಸೆಯೇ ಆಯಿತು. ಸಮುದ್ರದ ತಳವೆಂದರೆ ಮುತ್ತು ಹವಳ ಇರುತ್ತದೆಂದು ಯಾರೂ ಹೇಳಿಕೊಳ್ಳದೆ ಎಲ್ಲರೂ ಅಂದುಕೊಂಡಿದ್ದೆವು.

“ಮುಟ್ಟಿ ನೋಡಿ,” ಎಂದರು ಮೇಡಂ.

ಮುಟ್ಟಿದೆ. ಬೆರಳ ನಡುವೆ ತೇಯ್ದ ಗಂಧದಂತೆ ಜಾರಿತು, ಒಂದೇ ಒಂದು ಮರಳಿನ ಕಣ ಸಿಕ್ಕಲಿಲ್ಲ. ಮಣ್ಣಿನ ಜನ ಹೀಗೂ ಪರೀಕ್ಷೆ ಮಾಡುತ್ತಾರೆ ಎಂದು ಮೇಡಂ ಒಂದಿಷ್ಟನ್ನು ಹಲ್ಲಿನ ನಡುವೆ ಇಟ್ಟು ಕಡಿದು ತೋರಿಸಿದರು. ನಾನೇನು ಕಮ್ಮಿ, ನಾನೂ ಕಡಿದೆ. ಕರಕರ ಅನ್ನಲಿಲ್ಲ. ಅಷ್ಟು ದೂರಕ್ಕೆ ಮರಳು ಹೋಗಲಾರದಂತೆ, ನದಿಗಳು ತಂದ ಮರಳನ್ನು ದಡದ ಹತ್ತಿರವೇ ಇಳಿಸಿಬಿಡುತ್ತವೆ. ನಡುಸಾಗರಕ್ಕೆ ತಲುಪುವುದು ಗಾಳಿಯಲ್ಲಿ ತೇಲಿಬಂದ ಧೂಳು, ಎಲ್ಲೋ ಸಿಡಿದ ಜ್ವಾಲಾಮುಖಿಯ ಬೂದಿ, ಆಕಾಶದಿಂದ ಬಿದ್ದ ಉಲ್ಕೆಗಳ ಪುಡಿ. ಅದು ನಿಧಾನವಾಗಿ ಇಳಿದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಸೇರುತ್ತದೆ.

“ಚಿಪ್ಪು ಇಲ್ವಾ ಮೇಡಂ, ಶಂಖ?” ಎಂದು ಕೇಳಿದವರು ನಮ್ಮ ಫಿಟ್ಟರ್. ನಿವೃತ್ತಿಯ ಹತ್ತಿರ ಬಂದಿದ್ದ ಹಿರಿಯರು, ನಮ್ಮ ಹಳ್ಳಿಯ ಕಡೆಯವರೇ. ಕಡೆದ ಭಾಗಗಳನ್ನು ಜೋಡಿಸಿ ಬಿಗಿಯುವುದು ಅವರ ಕೆಲಸ.

“ಮೇಲಿನ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪಿನ ಜೀವಿಗಳು ರಾಶಿ ಉಂಟು. ಸತ್ತ ಮೇಲೆ ಚಿಪ್ಪು ಕೆಳಗೆ ಇಳೀತದೆ. ಆದ್ರೆ ಒಂದು ಆಳ ದಾಟಿದ ಮೇಲೆ ನೀರು ಎಷ್ಟು ತಣ್ಣಗೆ, ಎಷ್ಟು ಒತ್ತಡ ಅಂದ್ರೆ ಸುಣ್ಣ ಪೂರ್ತಿ ಕರಗಿ ಹೋಗ್ತದೆ. ಅಲ್ಲಿಂದ ಕೆಳಗೆ ಈ ಕೆಂಪು ಜೇಡಿ ಮಾತ್ರ.”

ಹುಡುಗಿ ಹಿಂದೆ ನಿಂತಿದ್ದವಳು ಮುಂದೆ ಬಂದು ಡಬ್ಬದೊಳಗೆ ಬೆರಳಿಟ್ಟಳು. “ನಮ್ಮ ಕಡಿ ಎರಿಮಣ್ಣೂ ಹಿಂಗ ಐತ್ರಿ, ಒರಸಿದ್ರ ಹೋಗಂಗಿಲ್ಲ,” ಎಂದಳು. ನಿಜಕ್ಕೂ ಅವಳ ಬೆರಳಿನ ಗೆರೆಗಳಲ್ಲಿ ಆ ಕೆಂಪು ಸಂಜೆಯವರೆಗೂ ಉಳಿದಿತ್ತು. ಅಷ್ಟು ಹೊತ್ತು ಅವಳು ಅದನ್ನು ಆಗಾಗ ನೋಡಿಕೊಳ್ಳುತ್ತಿದ್ದಳು.

ಪರೀಕ್ಷೆಯ ತೊಟ್ಟಿಗೆ ಸಮುದ್ರದ ನೀರು ಕಲಸಿದ್ದೂ ಆ ವಾರವೇ. ಮೊದಲು ಯಜಮಾನರು “ಉಪ್ಪು ಅಂದ್ರೆ ಉಪ್ಪು ಕಣ್ರೀ” ಎಂದು ಅಂಗಡಿಯ ಅಯೋಡಿನ್ ಉಪ್ಪಿನ ಪ್ಯಾಕೆಟ್ಟುಗಳನ್ನೇ ತರಿಸಿದ್ದರು. ಮೇಡಂ ಕಂಡು ನಕ್ಕುಬಿಟ್ಟರು. ಕೊನೆಗೆ ಅವರು ಕೊಟ್ಟ ಲವಣಗಳನ್ನು ನಾನೇ ಕೂತು ತೂಗಿ ಕಲಸಿದೆ. ಫಿಟ್ಟರ್ ತಮ್ಮ ಊಟದ ಡಬ್ಬಿಯಿಂದ ಒಂದು ಹಸಿ ಮೊಟ್ಟೆ ತಂದು (ಊಟದ ಡಬ್ಬಿಯಲ್ಲಿ ಹಸಿ ಮೊಟ್ಟೆ ಯಾಕಿತ್ತೋ ದೇವರಿಗೇ ಗೊತ್ತು) ಬಕೆಟ್ಟಿಗೆ ಬಿಟ್ಟರು. ಉಪ್ಪಿನಕಾಯಿಯ ಉಪ್ಪುನೀರಿನಲ್ಲಿ ಮೊಟ್ಟೆ ತೇಲುತ್ತದಲ್ಲ, ಇಲ್ಲೂ ತೇಲಬೇಕೆಂದು ಅವರ ವಾದ. ಮುಳುಗಿತು. “ಸಮುದ್ರಕ್ಕಿಂತ ನಮ್ಮನೆ ಉಪ್ಪಿನಕಾಯೇ ವಾಸಿ,” ಎಂದರು. ನನಗೆ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಮಲ್ಪೆಗೆ ಹೋದದ್ದು ನೆನಪಾಯಿತು. ಅಲೆಯಲ್ಲಿ ನೆನೆದ ಸೀರೆಯನ್ನು ಎಷ್ಟು ಒಣಗಿಸಿದರೂ ಸಂಜೆಯ ಗಾಳಿಗೆ ಮತ್ತೆ ತೇವವಾಗುತ್ತಿತ್ತು. ಸೀರೆಯ ಮೇಲೆ ರೇಗಿ, ಗಂಡನ ಮೇಲೂ ರೇಗಿದ್ದೆ. ತಪ್ಪು ಇಬ್ಬರದೂ ಅಲ್ಲ, ಮೆಗ್ನೀಸಿಯಂ ಲವಣ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ ಎಂದು ಅಷ್ಟು ವರ್ಷದ ಮೇಲೆ ಮೇಡಂನಿಂದ ತಿಳಿಯಿತು. ಗಂಡನಿಗೆ ಹೇಳಿಲ್ಲ.

ಇಷ್ಟರಲ್ಲಿ ಆಯುಧ ಪೂಜೆ ಬಂತು. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಲೇಥ್, ಡ್ರಿಲ್, ವರ್ನಿಯರ್, ಕಂಪ್ಯೂಟರ್, ಗೇಟಿನ ಹೊರಗೆ ನಿಂತ ಟೆಂಪೋ, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಬೀದಿ ತುಂಬ ಒಡೆದ ಬೂದುಗುಂಬಳ, ಅದರ ಮೇಲೆ ಜಾರುವ ಸ್ಕೂಟರುಗಳು. ಆ ವರ್ಷದ ನಮ್ಮ ಹೆಮ್ಮೆ ಟೈಟಾನಿಯಂ ಹೌಸಿಂಗ್ ಆದ್ದರಿಂದ ಯಜಮಾನರು ಅದನ್ನೇ ದೇವಿಯ ಪಟದ ಮುಂದೆ ಇಡಿಸಿ, ಹೊಳೆಯುವ ಮುಚ್ಚಳದ ಮುಖಕ್ಕೆ ಸ್ವತಃ ಕುಂಕುಮ ಇಟ್ಟರು. ಅವರ ನಂತರ ಅವರ ಹೆಂಡತಿ, ಆಮೇಲೆ ಫಿಟ್ಟರ್, ಆಮೇಲೆ ನಾನು. ಹುಡುಗಿ ಕೊನೆಯಲ್ಲಿ ಬಂದು ಅರಿಶಿನ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಏನು ಬೇಡಿಕೊಂಡಳೆಂದು ಕೇಳುವ ಅಗತ್ಯವಿರಲಿಲ್ಲ.

ಹಬ್ಬ ಮುಗಿದ ಮೇಲೆ ಪರೀಕ್ಷೆ. ಒಳಗೆ ಎಲೆಕ್ಟ್ರಾನಿಕ್ಸ್ ಬದಲಿಗೆ ಒಂದು ಟಿಶ್ಯೂ ಕಾಗದ ಮತ್ತು ನೀಲಿ ಸಿಲಿಕಾ ಜೆಲ್ಲಿನ ಹರಳುಗಳನ್ನು ಇಟ್ಟೆವು. ತೇವ ತಾಗಿದರೆ ಹರಳು ಗುಲಾಬಿಯಾಗುತ್ತದೆ. ಫಿಟ್ಟರ್ ರಬ್ಬರ್ ಉಂಗುರಕ್ಕೆ ಗ್ರೀಸ್ ಹಚ್ಚಿ ಮುಚ್ಚಳ ಬಿಗಿದರು. ಹೌಸಿಂಗನ್ನು ಉಕ್ಕಿನ ತೊಟ್ಟಿಯೊಳಗೆ ಇಳಿಸಿ, ತಣ್ಣಗೆ ಮಾಡಿದ ನಮ್ಮ ಸಮುದ್ರವನ್ನು ಅಂಚಿನವರೆಗೆ ತುಂಬಿದೆವು. ತಣ್ಣಗೆ ಯಾಕೆಂದರೆ, ನಮ್ಮ ಮಹಾಸಾಗರದ ಮೇಲೆ ಎಷ್ಟೇ ಬಿಸಿಲಿದ್ದರೂ ತಳದ ನೀರು ಸುಮಾರು ಒಂದೆರಡು ಡಿಗ್ರಿ. ದಕ್ಷಿಣ ಧ್ರುವದ ಹತ್ತಿರ ತಣ್ಣಗಾಗಿ ಭಾರವಾದ ನೀರು ಕೆಳಗಿಳಿದು, ತಳ ಹಿಡಿದುಕೊಂಡು ಇಲ್ಲಿಯವರೆಗೆ ತೆವಳಿ ಬರುತ್ತದಂತೆ. ಬಾವಿ ನೀರಿನ ಹಾಗೆ ನಾಲ್ಕು ಡಿಗ್ರಿಗೇ ಅದು ಭಾರವಾಗುವುದನ್ನು ನಿಲ್ಲಿಸುವುದಿಲ್ಲ. ಹೆಪ್ಪುಗಟ್ಟುವವರೆಗೂ ಭಾರವಾಗುತ್ತಲೇ ಹೋಗುತ್ತದೆ.

ಪಂಪು ಶುರುವಾಯಿತು. ತುಂಬಿದ ತೊಟ್ಟಿಗೆ ಇನ್ನೂ ನೀರು ಹೋಗುತ್ತಲೇ ಇತ್ತು. ನೀರನ್ನು ಹಿಂಡಲಾಗದು ಎಂದು ಶಾಲೆಯಲ್ಲಿ ಓದಿದ್ದೆ. ಆ ಒತ್ತಡದಲ್ಲಿ ನೀರೂ ಒಂಚೂರು ಮುದುಡಿ ಜಾಗ ಬಿಡುತ್ತದೆ. ಮುಳ್ಳು ಆರು ಸಾವಿರ ಮೀಟರಿನ ಗುರುತು ಮುಟ್ಟಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಚೂರು ಕೆಳಗೆ ಸರಿಯಿತು. ಒತ್ತಡ ಎಲ್ಲೋ ಸೋರುತ್ತಿತ್ತು.

ಮಧ್ಯಾಹ್ನ ತೆರೆದಾಗ ಟಿಶ್ಯೂ ಒದ್ದೆ, ಹರಳು ಗುಲಾಬಿ, ತಳದಲ್ಲಿ ಒಂದೆರಡು ಚಮಚ ನೀರು.

“ಅದು ಲೀಕ್ ಅಲ್ಲ ಕಣಮ್ಮ, ಬೆವರು. ಒಳಗಿದ್ದ ಗಾಳಿ ತಣ್ಣಗಾಗಿ ಬೆವತಿರ್ತೈತೆ,” ಎಂದರು ಫಿಟ್ಟರ್, ಹುಡುಗಿಯ ಮುಖ ನೋಡಲಾರದೆ. ಆಗುವಂಥದ್ದೇ. ತಣ್ಣನೆಯ ಚೊಂಬಿನ ಮೇಲೆ ನೀರು ಕೂರುವುದಿಲ್ಲವೇ? ಆದರೆ ಅದು ಬೆವರಾದರೆ ಸಪ್ಪೆ ಇರಬೇಕು. ನಾನು ಬೆರಳದ್ದಿ ನಾಲಿಗೆಗೆ ಇಟ್ಟೆ. ಉಪ್ಪು, ಅದರ ಹಿಂದೆಯೇ ಕಹಿ. ನಾನೇ ಕಲಸಿದ ಕಹಿ.

“ತೊಟ್ಟಿ ನೀರೇ,” ಎಂದೆ. ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

ಯಜಮಾನರು ನನ್ನ ಕಡೆ ತಿರುಗಿದರು. “ಗಾಡಿ ಸರಿಯಾಗಿ ಬಂದಿಲ್ಲ ಅನ್ಸತ್ತೆ. ನಾನು ಅವತ್ತೇ ಹೇಳಿರ್ಲಿಲ್ವಾ? ನಾಳೆಯಿಂದ ಅವಳನ್ನ ಮೇಜಿಗೆ ಕಳ್ಸಿ.”

“ಗಾಡಿ ನಾನು ಅಳೆದಿದೀನಿ ಸಾರ್.”

“ಅಳೆದ್ರೆ ನೀರು ಹೆಂಗೆ ಬಂತು?”

ಹುಡುಗಿ ಅಳಲಿಲ್ಲ. ಲೇಥಿನ ಹತ್ತಿರ ಹೋಗಿ ತನ್ನ ಕನ್ನಡಕ, ಚಿಂದಿ ಬಟ್ಟೆ, ನೀರಿನ ಬಾಟಲಿ ಒಟ್ಟು ಮಾಡತೊಡಗಿದಳು. ಅದನ್ನು ನೋಡಿ ನನ್ನ ಸಿಟ್ಟು ಮಿತಿ ಮೀರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸತಲ್ಲ. ಆದರೆ ಇಲ್ಲಿ ಜ್ವರ ಯಾರಿಗೆಂದು ಇನ್ನೂ ಗೊತ್ತೇ ಆಗಿರಲಿಲ್ಲ. “ಬಾಟ್ಲಿ ಅಲ್ಲೇ ಇಡೇ!” ಎಂದು ಕೂಗಿದೆ. ಇಟ್ಟಳು.

ಮುಚ್ಚಳವನ್ನು ನನ್ನ ಕೋಣೆಗೆ ಒಯ್ದು ಮತ್ತೆ ಅಳೆದೆ. ಗಾಡಿ ಮೊದಲಿನಷ್ಟೇ ನುಣುಪಾಗಿತ್ತು. ಆಮೇಲೆ ರಬ್ಬರ್ ಉಂಗುರವನ್ನು ಭೂತಗನ್ನಡಿಯ ಕೆಳಗೆ ತಿರುಗಿಸುತ್ತ ಹೋದೆ. ಕಪ್ಪು, ಕಪ್ಪು, ಕಪ್ಪು, ಒಂದು ಕಡೆ ಕೆಂಪು. ಗ್ರೀಸಿನೊಳಗೆ ನಾಲ್ಕಾರು ಕೆಂಪು ಕಣ, ಅವು ಕೂತ ಕಡೆ ರಬ್ಬರಿನಲ್ಲಿ ಸಣ್ಣ ಹಳ್ಳ. ಮೇಡಂ ತಂದ ಜೇಡಿಗೆ ಕಣವೇ ಇರಲಿಲ್ಲ, ಇದು ಅದಲ್ಲ. ನಮ್ಮ ಮೇಲಿನ ಪ್ರಪಂಚದಲ್ಲಿ ಅದೊಂದು ಲೆಕ್ಕಕ್ಕೇ ಇಲ್ಲ. ಉಗುರಿನ ಮೇಲೆ ಎಮ್ಮೆ ನಿಲ್ಲಿಸುವ ನೀರಿಗೆ ಅದು ಹೆಬ್ಬಾಗಿಲು.

ಫಿಟ್ಟರನ್ನು ಕರೆದೆ. “ಜೋಡಿಸೋಕ್ ಮುಂಚೆ ಕುಂಕುಮ ಒರೆಸಿದ್ರಾ ಅಣ್ಣ?”

“ಒರೆಸ್ದೆ ಕಣಮ್ಮ. ಎಲ್ಲಾ ಒರೆಸ್ದೆ.”

“ಎಲ್ಲಾ?”

ಅವರು ತಲೆ ಕೆರೆದುಕೊಂಡರು. “ಅಂಗೆಲ್ಲಾ ಪೂರ್ತಿ ಒರೆಸ್ಬಾರ್ದು ಕಣಮ್ಮ. ದೇವ್ರಿಗ್ ಇಕ್ಕಿದ್ದು. ಅದಾಗೇ ಉದುರಿ ಓಗ್ಬೇಕು. ಅಂಚ್ನಾಗೆ ಒಂದು ಚುಕ್ಕಿ ಬುಟ್ಟೆ, ಅಷ್ಟೇಯ. ಕುಂಕುಮ ಒರೆಸಿದ್ ಬೆರಳ್ನಾಗೇ ಗ್ರೀಸ್ ಅಚ್ಚಿರ್ಬೇಕು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಬೈಯಲೂ ಆಗಲಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ನನ್ನ ಸ್ಕೂಟರಿನ ಹ್ಯಾಂಡಲ್ ಮೇಲೆ ಹೋದ ವರ್ಷದ ಕುಂಕುಮ ಇನ್ನೂ ಇದೆ. ಮಳೆ ತೊಳೆದರೆ ಸರಿ, ಬಿಸಿಲು ಒಣಗಿಸಿ ಉದುರಿಸಿದರೆ ಸರಿ, ನಮ್ಮ ಕೈಯಿಂದ ತೆಗೆದರೆ ಮಾತ್ರ ಅಪಶಕುನ. ಸಾವಿರಾರು ಮೆಷಿನ್ನುಗಳು ಆ ಚುಕ್ಕಿಗಳನ್ನು ಹೊತ್ತುಕೊಂಡೇ ವರ್ಷವಿಡೀ ಓಡುತ್ತವೆ, ಒಂದಕ್ಕೂ ಏನೂ ಆಗಿದ್ದಿಲ್ಲ. ಅವುಗಳಲ್ಲಿ ಯಾವುದೂ ಸಮುದ್ರದ ತಳಕ್ಕೆ ಹೋಗುವುದಿಲ್ಲ ಅಷ್ಟೆ.

ಯಜಮಾನರಿಗೆ ಭೂತಗನ್ನಡಿ ಕೊಟ್ಟು ತೋರಿಸಿದೆ. ನೋಡಿದರು, ಕನ್ನಡಕ ಬದಲಿಸಿ ಮತ್ತೆ ನೋಡಿದರು. “ದೇವ್ರ ಕುಂಕುಮದಿಂದ ಲೀಕ್ ಆಯ್ತು ಅಂತೀರಾ? ಏನ್ರೀ ಮಾತಾಡ್ತಿದೀರಾ?” ಎಂದರು. ಆದರೆ ದನಿಯಲ್ಲಿ ಜೋರಿರಲಿಲ್ಲ. ಮೊದಲ ಬೊಟ್ಟು ಅವರದೇ ಅಲ್ಲವೇ!

“ಇನ್ನೊಂದ್ಸಲ ಪರೀಕ್ಷೆ ಮಾಡೋಣ ಸಾರ್. ಚೂರೂ ಉಳಿಯದ ಹಾಗೆ ತೊಳೆದು,” ಎಂದೆ.

“ತೊಳೀರಿ. ಆದ್ರೆ ನಾನು ತೊಳ್ಯಲ್ಲ.”

ಫಿಟ್ಟರ್ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಹುಡುಗಿ ಬಂದು ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ನಾ ತೊಳೀತೀನ್ರಿ ಅಕ್ಕಾರ. ದೇವ್ರಿಗೆ ನಾ ಹೇಳ್ಕೋತೀನಿ.”

ಅಂಚಿನಲ್ಲಿ ಉಳಿದಿದ್ದ ಚುಕ್ಕಿಯನ್ನು ಅವಳು ಮೊದಲು ಉಂಗುರ ಬೆರಳಿನಿಂದ ತೆಗೆದು ಲೇಥಿನ ತಲೆಗೆ ಇಟ್ಟಳು. ಆಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮುಚ್ಚಳವನ್ನು ಒರೆಸಿದಳು, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿದಳು. ಯಜಮಾನರು ಅಷ್ಟು ಹೊತ್ತೂ ದೇವಿಯ ಪಟದ ಕಡೆ ತಿರುಗಿ ನಿಂತಿದ್ದರು. ಹೊಸ ಉಂಗುರಕ್ಕೆ ಗ್ರೀಸ್ ಹಚ್ಚುವ ಮುಂಚೆ ಫಿಟ್ಟರ್ ಹೇಳಿಸಿಕೊಳ್ಳದೆಯೇ ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು.

ಮಾರನೆಯ ಬೆಳಿಗ್ಗೆ ಮತ್ತೆ ತೊಟ್ಟಿ, ಮತ್ತೆ ಪಂಪು. ಮುಳ್ಳು ಗುರುತಿಗೆ ಬಂದು ನಿಂತಿತು. ನಾನು ಕುರ್ಚಿ ಹಾಕಿಕೊಂಡು ಅದರ ಮುಂದೆಯೇ ಕೂತೆ. ಟೀ ಬಂತು, ಆರಿತು. ಮುಳ್ಳು ಅಲ್ಲಾಡಲಿಲ್ಲ. ಹುಡುಗಿಗೆ ಬೇರೆ ಕೆಲಸ ಕೊಟ್ಟಿರಲಿಲ್ಲ. ಲೇಥಿಗೂ ಬರ್ ಮೇಜಿಗೂ ನಡುವೆ ಒಂದು ಸ್ಟೂಲಿನ ಮೇಲೆ ಕೂತು, ಎರಡೂ ತನ್ನದಲ್ಲವೆನ್ನುವಂತೆ ನೆಲ ನೋಡುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ನಾನು ಅವಳಿಗೆ ಮುದ್ದೆ ಮುರಿದು ಕೊಟ್ಟೆ, ನುಂಗಲು ಬಾರದೆ ಅಗಿದು ತಿಂದಳು. ಫಿಟ್ಟರಿಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ. ಅವಳಿಗೂ ಆಮೇಲೆ ನಗು ಬಂತು.

ಸಂಜೆ ಒತ್ತಡ ಇಳಿಸಿ ಮುಚ್ಚಳ ತೆಗೆದೆವು. ಟಿಶ್ಯೂ ಗರಿಗರಿಯಾಗಿತ್ತು. ಹರಳುಗಳು ನೀಲಿ, ಒಂದೂ ಬಣ್ಣ ಕೆಟ್ಟಿರಲಿಲ್ಲ. ನಾನು ಖಾತ್ರಿಗೆ ಬೆರಳು ಆಡಿಸಿ ನಾಲಿಗೆಗೆ ಇಟ್ಟೆ. ಲೋಹದ ರುಚಿ ಬಿಟ್ಟರೆ ಏನೂ ಇಲ್ಲ.

“ಒಣಗೇ ಐತ್ರಿ,” ಎಂದಳು ಹುಡುಗಿ, ತನಗೆ ತಾನೇ.

ಯಜಮಾನರು “ಹ್ಞೂಂ, ಇಲ್ಲಿ ಒಣಗಿದೆ. ಅಲ್ಲಿ ನೋಡೋಣ,” ಎಂದು ಹೊರಟುಹೋದರು. ಸೋತಾಗ ತಕ್ಷಣ ತೀರ್ಪು ಕೊಟ್ಟವರು ಗೆದ್ದಾಗ ಮುಂದಕ್ಕೆ ಹಾಕಿದರು. ಹೌಸಿಂಗ್ ಮೇಡಂ ಕೈ ಸೇರಿತು. ಅದು ಹಡಗು ಹತ್ತಿ, ಸಾಗರದ ನಡುವೆ ಇಳಿದು, ಮೇಲೆ ಬರುವವರೆಗೆ ಹುಡುಗಿ ಲೇಥಿನಲ್ಲೇ ಉಳಿದಳು. ಆದರೆ ಕೊಟ್ಟ ಕೆಲಸ ಬುಷ್ಷು, ವಾಷರ್, ಯಾರು ಬೇಕಾದರೂ ಮಾಡುವಂಥದ್ದು. ಅವಳು ಅವನ್ನೂ ಅದೇ ಶ್ರದ್ಧೆಯಿಂದ ಮಾಡಿದಳು, ನಾನು ಅವನ್ನೂ ಅದೇ ಸಿಡುಕಿನಿಂದ ಅಳೆದೆ. ಮಳೆಗಾಲ ಹೋಗಿ ಚಳಿ ಬಂತು. ಬೆಳಿಗ್ಗೆ ಶೆಡ್ಡಿನೊಳಗೆ ಕಬ್ಬಿಣ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆ ತಳದ ನೀರು ಇದಕ್ಕಿಂತ ತಣ್ಣಗೆ, ಪೂರ್ತಿ ಕತ್ತಲೆ, ಅದರ ನಡುವೆ ನಮ್ಮ ಮುಚ್ಚಳ ಒಂಟಿಯಾಗಿ ಎಮ್ಮೆಗಳ ಹಿಂಡು ಹೊತ್ತು ಕೂತಿದೆ ಎಂದು ಸ್ಕೂಟರಿನಲ್ಲಿ ಹೋಗುವಾಗಲೂ ನನಗೆ ನೆನಪಾಗುತ್ತಿತ್ತು. ವಿಚಿತ್ರವೆಂದರೆ ಆ ನೆನಪು ಹಿತವಾಗಿತ್ತು.

ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಯಜಮಾನರು ಸ್ಪೀಕರ್ ಹಾಕಿ ಶೆಡ್ಡಿನ ನಡುವೆ ಹಿಡಿದು ನಿಂತರು.

“ನಿನ್ನೆ ಬಂದೆವು ಮಾರಾಯ್ರೆ. ಉಪಕರಣ ಚಂದ ಕೆಲಸ ಮಾಡಿದೆ. ಕೆಸರಿನ ಬಿಸಿಯೆಲ್ಲ ಬರೆದುಕೊಂಡಿದೆ. ಹಡಗಿನ ಮೇಲೆಯೇ ಮುಚ್ಚಳ ತೆಗೆದೆವು. ಹರಳು ನೀಲಿ! ಒಂದು ಹನಿ ಇಲ್ಲ. ಯಾರು ಕಡೆದದ್ದೋ ಅವರಿಗೆ ಹೇಳಿ.”

ಎಲ್ಲರೂ ಲೇಥಿನ ಕಡೆ ತಿರುಗಿದೆವು. ಹುಡುಗಿ ಕೇಳಿಸಿಕೊಂಡಿದ್ದಳು, ಆದರೆ ಉಳಿ ಲೋಹದ ಮೇಲಿತ್ತು. ಅರ್ಧದಲ್ಲಿ ಎತ್ತಿದರೆ ಗೀರು ಬೀಳುತ್ತದೆ. ಆ ಕಟ್ ಮುಗಿಸಿದಳು, ಉಳಿ ಹಿಂದಕ್ಕೆ ತೆಗೆದಳು, ಮೆಷಿನ್ ನಿಲ್ಲಿಸಿದಳು. ಆಮೇಲೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು. ಫಿಟ್ಟರ್ ಕಣ್ಣೂ ಒದ್ದೆಯಾಯಿತು. ನನ್ನದನ್ನು ಕೇಳಬೇಡಿ.

ಮರುದಿನ ಬೆಳಿಗ್ಗೆ ಯಜಮಾನರು ಒಂದು ಹೊಸ ಡ್ರಾಯಿಂಗ್ ಹಿಡಿದು ಬಂದರು. ಮೇಡಂಗೆ ಇನ್ನೊಂದು ಹೌಸಿಂಗ್ ಬೇಕಂತೆ, ಇನ್ನೂ ದೊಡ್ಡದು. ಹೊಸ ಕೆಲಸ ಬಂದರೆ ಮೊದಲು ನನ್ನ ಕೋಣೆಗೆ ಬರುವುದು ಅವರ ಅಭ್ಯಾಸ. ಅವತ್ತು ನನ್ನ ಬಾಗಿಲು ದಾಟಿ ನೇರ ಲೇಥಿನ ಹತ್ತಿರ ಹೋಗಿ, ಡ್ರಾಯಿಂಗನ್ನು ಹುಡುಗಿಯ ಮುಂದೆ ಹರಡಿದರು.

“ಆಗುತ್ತೇನಮ್ಮ?”

ಅವಳು ಕೈ ಒರೆಸಿಕೊಂಡು ಗೆರೆಗಳ ಮೇಲೆ ನಿಧಾನವಾಗಿ ಬೆರಳು ಆಡಿಸಿದಳು. ಮುಚ್ಚಳದ ದಪ್ಪ ನೋಡಿದಳು, ಗಾಡಿಯ ಮೇಲೆ ಬೆರಳು ನಿಲ್ಲಿಸಿದಳು. ನಂತರ ತಲೆಯೆತ್ತಿ ಕೇಳಿದಳು:

“ಇದನ್ನ ಎಷ್ಟು ಆಳಕ್ಕ ಇಳಸ್ತಾರ್ರಿ?”

ಯಜಮಾನರಿಗೆ ಗೊತ್ತಿರಲಿಲ್ಲ. “ತಡಿ, ಕೇಳಿ ಹೇಳ್ತೀನಿ,” ಎಂದು ಫೋನ್ ತೆಗೆದು, ಸದ್ದಿಲ್ಲದ ಕಡೆ ಮಾತಾಡಲು ಬೇಗ ಬೇಗ ಹೊರಗೆ ಹೋದರು. ಅವಳು ತನ್ನ ಲೇಥಿನ ಮುಂದೆ ಕಾಯುತ್ತ ನಿಂತಳು.